ಕೆಂಟನ್‌ನ ಬೇಲಿ ಮೇಲಿನ ರಜಾಯಿ

ಇಂಗ್ಲಿಷರ ನಾಡಿನ ಕೆಂಟನ್, ಭಾನುವಾರ. ಮಳೆ ಬಿಟ್ಟು ಬಿಸಿಲು ಬಂದದ್ದೇ ತಡ, ನಾನು ಉಳಿದುಕೊಂಡಿರುವ ಮನೆಯ ಅಜ್ಜಿ ತಮ್ಮ ರಜಾಯಿಯನ್ನು ರಸ್ತೆ ಬದಿಯ ಬೇಲಿಯ ಮೇಲೆ ಹರವಿದರು. ಹಿಂದಿನ ಗಾರ್ಡನ್ನಿಗೆ ಬಿಸಿಲೇ ಬೀಳುವುದಿಲ್ಲ. ಅವರ ಮಗಳು ಜೆಸಿಂತಾ, ನನ್ನ ಮಂಗಳೂರಿನ ಗೆಳತಿ, ಅದನ್ನು ಎಳೆದು ಒಳಗೆ ತಂದಳು.

"ಊಟಕ್ಕೆ ಆಫೀಸಿನ ಗೆಸ್ಟ್ ಬರ್ತಾರೆ. ಇದನ್ನು ನೋಡಿದ್ರೆ ಅವರು ಎಂತ ಗ್ರಹಿಸುದು ಮಾರಾಯ್ತಿ?" ಎಂದಳು ನನ್ನತ್ತ ತಿರುಗಿ.

ಅಜ್ಜಿ ಬೆಳ್ಳುಳ್ಳಿ ಸುಲಿಯಲು ಹೋದರು.

ಬಂದವರು ಚೀನಾದ ಒಂದು ಊರಿನ ನಗರ ಯೋಜನೆ ಕಚೇರಿಯ ಲಿನ್. ಅಲ್ಲಿ ಏಳಲಿರುವ ಹೊಸ ಬಡಾವಣೆಯ ನಕ್ಷೆ ಬಿಡಿಸುತ್ತಿರುವವಳು ಜೆಸಿಂತಾ. ಇಡ್ಲಿಯಂಥ ಸನ್ನ, ಕೋಳಿ ಸಾರು ಮುಗಿಸಿ ಇಬ್ಬರೂ ಮೇಜಿನ ಮೇಲೆ ನಕ್ಷೆ ಬಿಚ್ಚಿದರು. ಲಿನ್ ಅದರೊಳಗಿನ ಹುಲ್ಲುಹಾಸಿನ ಮೇಲೆ ಬೆರಳಿಟ್ಟು, ಇಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಲು ಕಂಬಗಳು ಬೇಕು ಎಂದರು. ಅವರ ಊರಲ್ಲಿ ಹಳೆಯ ಓಣಿಗಳನ್ನು ಕೆಡವಿ ಜನರನ್ನು ಎತ್ತರದ ಫ್ಲಾಟುಗಳಿಗೆ ಕಳಿಸಿದ್ದಾರಂತೆ. ಬಾಲ್ಕನಿಯಲ್ಲಿ ಏನೂ ಒಣಹಾಕುವಂತಿಲ್ಲ. ಮುದುಕಿಯರು ರಜಾಯಿಗಳನ್ನು ರಸ್ತೆಯ ಕಂಬಿಗಳ ಮೇಲೆ ಹಾಕಿದರೆ ಕಾವಲಿನವರು ಎಳೆದು ಬಿಸಾಡುತ್ತಾರೆ.

"ಬಿಸಿಲು ಕಾಣದ ರಜಾಯಿಯಲ್ಲಿ ನನ್ನಮ್ಮನಿಗೆ ನಿದ್ದೆ ಬರುವುದಿಲ್ಲ," ಎಂದರು ಲಿನ್ ಇಂಗ್ಲಿಷಿನಲ್ಲಿ.

ಜೆಸಿಂತಾ ನನ್ನ ಮುಖ ನೋಡಲಿಲ್ಲ. ಪೆನ್ಸಿಲಿನಿಂದ ಹುಲ್ಲುಹಾಸಿನಲ್ಲಿ ಎರಡು ಕಂಬ ಗುರುತಿಸಿದಳು. ಆಮೇಲೆ ಎದ್ದು ಹೋಗಿ ಮೆಟ್ಟಿಲ ಕೆಳಗೆ ತುರುಕಿದ್ದ ರಜಾಯಿ ತಂದಳು.

ಬೇಲಿಯಲ್ಲಿ ಇನ್ನು ಅರ್ಧವೇ ಬಿಸಿಲು ಉಳಿದಿತ್ತು. ಇನ್ನೊಂದು ತುದಿಯನ್ನು ಲಿನ್ ಹಿಡಿದರು. ಒಳಬದಿ ಮೇಲೆ ಬರಲಿ ಎಂದು ಅಜ್ಜಿ ಕಿಟಕಿಯಿಂದ ಕೊಂಕಣಿಯಲ್ಲಿ ಕೂಗುವಷ್ಟರಲ್ಲಿ ಲಿನ್ ಅದನ್ನು ಮಗುಚಿ ಹಾಕಿ, ಅಂಗೈಯಿಂದ ಬಡಿಯತೊಡಗಿದ್ದರು.