ಅವನನ್ನು ನನಗೆ ಒಪ್ಪಿಸಿ

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಗಿಳಿ ಎಂದೇ ಕರೆಯುತ್ತಿದ್ದರು. ಯಾರೇನು ಅಂದರೂ ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳುವುದು ಅವಳ ಕೆಲಸ. ಕಡಲಾಚೆಯ ದ್ವೀಪದಿಂದ ಬಂದ ಅಮ್ಮನ ಭಾಷೆ ಅವಳಿಗೆ ಅನ್ನ ಕೊಟ್ಟಿತ್ತು. ಒಂದು ಮಾತು ಸೇರಿಸಬಾರದು, ಒಂದು ಬಿಡಬಾರದು. "ಜಗಳದಲ್ಲೂ ನಾನಂದಿದ್ದನ್ನೇ ನನಗೆ ತಿರುಗಿಸಿ ಹೇಳ್ತೀಯಲ್ಲೇ" ಎಂದು ಗಂಡ ರೇಗಿಸುತ್ತಿದ್ದ.

ಆ ದಿನ ಕಟಕಟೆಯಲ್ಲಿದ್ದವನು ಆ ದ್ವೀಪದಿಂದಲೇ ಬಂದಿದ್ದ, ದೋಣಿ ಕಾರ್ಖಾನೆಯ ವೆಲ್ಡರ್. ಜೊತೆಗೆ ದುಡಿಯುತ್ತಿದ್ದ ತನ್ನದೇ ದ್ವೀಪದ ತರುಣನ ಮೇಲೆ ಜಗಳದಲ್ಲಿ ಕಬ್ಬಿಣದ ಸರಳು ಬೀಸಿದ್ದ. ಬೆನ್ನುಮೂಳೆ ಮುರಿದು ಆ ತರುಣ ಇನ್ನೆಂದೂ ನಡೆಯುವಂತಿರಲಿಲ್ಲ. ತಪ್ಪು ಸಾಬೀತಾಗಿತ್ತು; ಶಿಕ್ಷೆ ಹೇಳುವುದೊಂದೇ ಬಾಕಿ.

ನ್ಯಾಯಾಧೀಶರು ಗಾಯಾಳುವಿನ ತಾಯಿಯತ್ತ ತಿರುಗಿದರು. "ಏನಾದರೂ ಹೇಳೋದಿದೆಯಾ?"

ಮುದುಕಿ ಎದ್ದು ಚುಟುಕಾಗಿ ಹೇಳಿದಳು. ಗಿಳಿ ನ್ಯಾಯಾಧೀಶರತ್ತ ತಿರುಗಿದಳು.

"ಜೈಲು ಬೇಡ, ಅವನನ್ನ ನನಗೆ ಒಪ್ಪಿಸಿ, ಅಂತಿದ್ದಾರೆ."

ಕೋರ್ಟಿನಲ್ಲಿ ಗುಜುಗುಜು ಎದ್ದಿತು. "ಇದು ಬೆದರಿಕೆ ಸ್ವಾಮಿ, ಸೇಡು ತೀರಿಸ್ಕೊಳ್ಳೋಕೆ ಕೇಳ್ತಿದ್ದಾರೆ" ಎಂದು ವೆಲ್ಡರನ ವಕೀಲ ಎದ್ದ. ಪೊಲೀಸಿನವನೊಬ್ಬ ಮುದುಕಿಯ ಪಕ್ಕಕ್ಕೆ ಬಂದು ನಿಂತ. ಗಿಳಿ ಸುಮ್ಮನಿದ್ದರೆ ಮುದುಕಿಯ ತಲೆಗೆ ಬರುತ್ತದೆ, ಬಾಯಿಬಿಟ್ಟರೆ ತನ್ನ ನೌಕರಿಗೆ ಕುತ್ತು.

"ಸ್ವಾಮಿ, ಅವರ ಕಡೆ ಆ ಮಾತಿಗೆ ಅರ್ಥ ಬೇರೆ ಇದೆ."

"ನಿಮ್ಮ ವಿವರಣೆ ಬೇಡಮ್ಮ. ಅವರನ್ನೇ ಕೇಳಿ."

ಮುದುಕಿ ಬಿಡಿಸಿ ಹೇಳಿದಳು: "ಕೂಡಿಹಾಕಿದ್ರೆ ಗೋಡೆ ನೋಡ್ಕೊಂಡು ಕೂರ್ತಾನೆ ಅಷ್ಟೆ. ನಮ್ಮಲ್ಲಿ ಹೊಡೆದವನು ಏಟು ತಿಂದವನ ಮನೇಲೇ ಇರಬೇಕು. ನನ್ನ ಮಗನನ್ನ ಎತ್ತಬೇಕು, ತೊಳೀಬೇಕು, ಬೈದರೆ ಕೇಳಿಸ್ಕೋಬೇಕು."

ಗಿಳಿ ಹೇಳಿ ಮುಗಿಸುವ ಮೊದಲೇ ವೆಲ್ಡರ್ ಕಟಕಟೆ ಹಿಡಿದು ಕೂಗಿದ. "ಬೇಡ, ನನ್ನ ಜೈಲಿಗೇ ಹಾಕಿ. ಅವನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಅದನ್ನೂ ಗಿಳಿಯೇ ಹೇಳಬೇಕಾಯಿತು.

ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಂಥ ಶಿಕ್ಷೆ ತಮ್ಮ ಕಾನೂನಿನಲ್ಲಿಲ್ಲ ಎಂದು ನಾಲ್ಕು ವರ್ಷ ಜೈಲು ವಿಧಿಸಿದರು. ಹೊರಗೆ ಮೆಟ್ಟಿಲ ಮೇಲೆ ಮುದುಕಿ ಗಿಳಿಯ ಕೈ ಹಿಡಿದಳು. "ಮಗಳೇ, ಅವನನ್ನ ಬಚ್ಚಿಟ್ಟು ಅದಕ್ಕೇ ಶಿಕ್ಷೆ ಅಂತೀರಾ ಇಲ್ಲಿ?"

ಶಿಕ್ಷೆ ಮುಗಿದು ವೆಲ್ಡರನ ಬಿಡುಗಡೆಯ ದಿನ ಜೈಲಿನವರು ಗಿಳಿಗೆ ಫೋನ್ ಮಾಡಿದರು. ಗೇಟಿನಾಚೆ ಮುದುಕಿ, ಗಾಲಿಕುರ್ಚಿಯಲ್ಲಿ ಅವಳ ಮಗ. ಹೊಡೆದಾಟವಾದೀತೆಂದು ಜೈಲಿನವರಿಗೆ ದಿಗಿಲು. ಗಿಳಿ ಏದುಸಿರು ಬಿಡುತ್ತಾ ಬಂದಾಗ ಗೇಟು ತೆರೆದಿದ್ದರೂ ವೆಲ್ಡರ್ ಒಳಗೇ ನಿಂತಿದ್ದ. ಮುದುಕಿ ಏನೋ ಅಂದಳು. ಕಾವಲುಗಾರ ಲಾಠಿ ಬಿಗಿಹಿಡಿದ. "ಏನಂದ್ಲು?"

"ಊಟ ಆರಿಹೋಗತ್ತೆ, ಬಾ ಅಂದ್ರು."

ವೆಲ್ಡರ್ ತಲೆ ತಗ್ಗಿಸಿಕೊಂಡು ಹೊರಗೆ ಬಂದ.

ಈಗ ಅವನು ಹಗಲು ವೆಲ್ಡಿಂಗ್ ಮಾಡುತ್ತಾನೆ, ಉಳಿದ ಹೊತ್ತು ಆ ಮನೆಯಲ್ಲಿರುತ್ತಾನೆ. ಗಿಳಿ ಆಗಾಗ ಹೋಗಿಬರುತ್ತಾಳೆ. ಗಾಯಾಳು ಬಹಳ ಕಾಲ ಅವನೊಂದಿಗೆ ತುಟಿ ಬಿಚ್ಚಲಿಲ್ಲ. ಕಳೆದ ವಾರ ವೆಲ್ಡರ್ ಅವನ ಗಡ್ಡ ಹೆರೆಯುವಾಗ ಗಲ್ಲ ಕೊಯ್ದದ್ದಕ್ಕೆ ಹಿಗ್ಗಾಮುಗ್ಗಾ ಬೈದನಂತೆ. ಅದನ್ನು ಹೇಳುವಾಗ ಮುದುಕಿಯ ಮುಖ ಅರಳಿತ್ತು.