ಪಕ್ಕದ ಸಾಲಿನ ಅಂಕಿ

ದೇವದುರ್ಗದಿಂದ ರಾಯಚೂರಿಗೆ ಬರುವಾಗ, ಕಲ್ಮಲದ ಹತ್ತಿರ ನಮ್ಮ ಬಸ್ಸು ಹತ್ತಿ ಲಾರಿಯೊಂದರ ಹಿಂದೆ ಸಿಕ್ಕಿಕೊಂಡಿತು. ಎಳೆಗಳು ಹಾರಿ ಬಂದು ತುಟಿಗೆ ಅಂಟಿದವು. ಧೂಳಿನ ಜೊತೆ ಹಸಿ ಹತ್ತಿಯ ಆ ಹಾಳು ವಾಸನೆ. ನನಗೆ ಅದು ಹತ್ತಿಯ ವಾಸನೆಯಲ್ಲ, ಒಬ್ಬ ಮನುಷ್ಯನ ಅಂಗಿಯ ವಾಸನೆ…

ತೂಕದ ಕಾಕಾ ಎನ್ನುತ್ತಿದ್ದೆವು. ಮಾನ್ವಿ ಕಡೆಯವರು. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಆಯುಷ್ಯವೆಲ್ಲ ತೂಕ ಮಾಡಿ, ಕೈಗೆ ಬಂದದ್ದನ್ನೆಲ್ಲ ಒಂದು ನೂಲಿನ ಕಂಪನಿಯ ಶೇರಿಗೆ ಹಾಕಿದ್ದರು. ನಾನಾಗ ಶೇರು ದಲ್ಲಾಳಿಯೊಬ್ಬರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಮಧ್ಯಾಹ್ನ ಮೂರೂವರೆಗೆ ವ್ಯವಹಾರ ಮುಗಿದ ಮೇಲೆ ಅವರು ಬರುತ್ತಿದ್ದರು. ಬಂದವರೇ ಒಂದೇ ಪ್ರಶ್ನೆ: "ಇವತ್ತ ಎಷ್ಟಾತು ಯವ್ವಾ?"

ಅವರು ಕೇಳುತ್ತಿದ್ದುದು ಬೆಲೆಯನ್ನಲ್ಲ. ಆ ಕಂಪನಿಯ ಶೇರು ಬೀಳುತ್ತದೆಂದು ನಂಬಿ, ಕೈಯಲ್ಲಿಲ್ಲದ ಶೇರನ್ನು ತಿಂಗಳ ಕೊನೆಗೆ ಕೊಡುವ ವಾಯಿದೆಯ ಮೇಲೆ ಮಾರಿ ಕೂತವರ ಅಂದಾಜು ಲೆಕ್ಕವನ್ನು. ಆಫೀಸಿನಲ್ಲಿ ಅದಕ್ಕೆ ಶಾರ್ಟ್ ಎನ್ನುತ್ತಿದ್ದೆವು. ಆ ಲೆಕ್ಕ ಏರಿದರೆ ಬೇರೆಯವರು ಹೆದರುತ್ತಿದ್ದರು, ಇವರು ಖುಷಿಪಡುತ್ತಿದ್ದರು.

"ಮಾರ್ಲಿ ಬಿಡವ್ವಾ. ಹತ್ತಿ ಬಜಾರದಾಗ ನಾ ನೋಡಿಲ್ಲೇನು? ಕೈಯಾಗ ಇಲ್ಲದ್ದು ಮಾರಿದಾಂವ ವಾಯಿದಿ ದಿನ ಓಡಿ ಬಂದು, ಕೇಳಿದಷ್ಟು ಕೊಟ್ಟು ಕೊಳ್ಳಬೇಕಾಕ್ಕತಿ. ಅವತ್ತು ರೇಟು ಏರ್ತದ."

ನಾನು ಹೇಳಿದ ಅಂಕಿಯನ್ನು ಹಳೆಯ ತೂಕದ ಚೀಟಿಗಳ ಹಿಂಬದಿಗೆ ಬರೆದುಕೊಳ್ಳುತ್ತಿದ್ದರು. ತಿಂಗಳ ಕೊನೆಗೆ, ವಾಯಿದೆ ಹತ್ತಿರ ಬಂದಂತೆ ಅಂಕಿ ಇಳಿಯುತ್ತಿತ್ತು. ಕಾಕಾನ ಮುಖ ಅರಳುತ್ತಿತ್ತು. "ನೋಡು, ತಿರುಗಿ ಕೊಳ್ಳಾಕತ್ತಾರ!" ಆದರೆ ಬೆಲೆ ಏರುತ್ತಿರಲಿಲ್ಲ, ತಿಂಗಳು ತಿಂಗಳು ಇಳಿಯುತ್ತಲೇ ಇತ್ತು. ಮರುವಾರ ಅಂಕಿ ಮತ್ತೆ ದೊಡ್ಡದಾಗಿರುತ್ತಿತ್ತು. ಹೊಸಬರು ಮಾರಿದ್ದಾರೆ ಎಂದುಕೊಳ್ಳುತ್ತಿದ್ದರು ಕಾಕಾ.

ಹೊಸಬರಲ್ಲ, ಮೊದಲು ಮಾರಿದವರೇ. ಯಾರೂ ಕೊಂಡಿರಲಿಲ್ಲ, ವಾಯಿದೆಯನ್ನು ಮುಂದಿನ ತಿಂಗಳಿಗೆ ದೂಡಿದ್ದರು ಅಷ್ಟೇ. ಹತ್ತಿಗೆ ಅದು ನಡೆಯದು, ಶೇರಿಗೆ ನಡೆಯುತ್ತದೆ. ಮುಂದಿನ ತಿಂಗಳ ಅಂಕಿ ನನ್ನ ಪರದೆಯ ಮೇಲೆ ಪಕ್ಕದ ಸಾಲಿನಲ್ಲೇ ಇರುತ್ತಿತ್ತು; ಈ ತಿಂಗಳದ್ದು ಇಳಿದಷ್ಟೂ ಅದು ಏರುತ್ತಿತ್ತು. ದಿನಾ ನೋಡುತ್ತಿದ್ದೆ. ಮೊದಲ ತಿಂಗಳು ಹೇಳಲು ಪುರುಸೊತ್ತಾಗಲಿಲ್ಲ. ಎರಡನೆಯ ತಿಂಗಳು ಸುಸ್ತು. ಬೆಳಗಿನಿಂದ ಜನರ ಬೈಗುಳ ಕೇಳಿ ಕೇಳಿ, ಸಂಜೆ ಇನ್ನೊಂದು ತಾಸು ಬಿಡಿಸಿ ಹೇಳುವ ಶಕ್ತಿ ಇರುತ್ತಿರಲಿಲ್ಲ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ನಾಚಿಕೆ.

ಅವರ ಮಗಳು ದೇವದುರ್ಗದಲ್ಲಿ ಯಾರದೋ ಮನೆ ಕಟ್ಟೆಯ ಮೇಲೆ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಶೇರು ಏರಿದ ದಿನ ಮಾರಿ ಅವಳಿಗೊಂದು ಸ್ವಂತ ಅಂಗಡಿ ಹಾಕಿಕೊಡುವುದು ಕಾಕಾನ ಮಾತು. ತಿಂಗಳ ಕೊನೆಗೆ ಅವಳ ಫೋನು ಬರುತ್ತಿತ್ತು. ಕಾಕಾ ಆಫೀಸಿಗೆಲ್ಲ ಕೇಳುವಂತೆ ಕೂಗುತ್ತಿದ್ದರು: "ಈ ತಿಂಗಳ ಆಗಲಿಲ್ಲವ್ವಾ, ಮುಂದಿನ ತಿಂಗಳ ನಕ್ಕಿ, ಖಂಡಿತ!" ಆಗ ನಾನು ಕೀಬೋರ್ಡ್ ಒರೆಸುತ್ತಿದ್ದೆ.

ಒಂದು ದಿನ ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಹೊಸ ಚಷ್ಮಾ ಹಾಕಿಕೊಂಡು ಬಂದರು. ತಾವೇ ಪರದೆಗೆ ಬಗ್ಗಿದರು.

"ಆ ಬಾಜೂದು ಏನದು?"

"ಮುಂದಿನ ತಿಂಗಳದ್ದು ಕಾಕಾ."

ಆಯುಷ್ಯವೆಲ್ಲ ತಕ್ಕಡಿ ಹಿಡಿದವರು. ಎರಡೂ ಅಂಕಿಗಳನ್ನು ನೋಡಿದೊಡನೆ ತಿಳಿದುಹೋಯಿತು. "ಅಂದ್ರ ದೂಡಾಕತ್ತಾರ… ನಿನಗ ಗೊತ್ತಿತ್ತೇನವ್ವಾ?"

"ನೀವು ಕೇಳಲಿಲ್ಲಲ್ರೀ," ಎಂದುಬಿಟ್ಟೆ. ಆ ಮಾತು ಬಾಯಿಗೆ ಹೇಗೆ ಬಂತೋ.

"ಖರೇ. ನಾ ಕೇಳಲಿಲ್ಲ." ಚೀಟಿಗಳನ್ನು ಮೇಜಿನ ಮೇಲೇ ಬಿಟ್ಟು ಹೋದರು. ಮತ್ತೆ ಬರಲಿಲ್ಲ. ಮೊದಲ ತಿಂಗಳೇ ಹೇಳಿದ್ದರೆ ಮಾರಿಬಿಡುತ್ತಿದ್ದರು, ಸಣ್ಣದೊಂದು ಅಂಗಡಿಯಾದರೂ ಆಗುತ್ತಿತ್ತು. ಆ ಹೊತ್ತಿಗೆ ಶೇರಿನಲ್ಲಿ ಒಂದು ಹೊಲಿಗೆ ಮಷಿನ್ನಿನಷ್ಟೂ ಉಳಿದಿರಲಿಲ್ಲ.

ಅವರು ತೀರಿಹೋದ ಮೇಲೆ, ಶೇರು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮಗಳು ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಸಹಿ ಹಾಕುತ್ತಾ ಅಂದಳು, "ನೀವೇ ಏನ್ರಿ ಅಕ್ಕಾರ? ಆ ಆಫೀಸಿನ್ಯಾಗ ಒಂದ ಹುಡುಗಿ ಖರೇ ಲೆಕ್ಕಾ ಹೇಳ್ತದ ಅಂತಿದ್ರು ಅಪ್ಪ."

ಎಲ್ಲವೂ ಖರೇ ಲೆಕ್ಕವೇ. ಒಂದು ಅಂಕಿಯನ್ನೂ ನಾನು ಸುಳ್ಳು ಹೇಳಿರಲಿಲ್ಲ.

ಇವತ್ತು ದೇವದುರ್ಗಕ್ಕೆ ಹೋದದ್ದು ಅವಳಿಗೆ ಎಲ್ಲವನ್ನೂ ಹೇಳಿಬಿಡಲು. ಅದೇ ಕಟ್ಟೆ, ಅದೇ ಮಷಿನ್. ನನ್ನನ್ನು ಕಂಡು ಎದ್ದು ನಿಂತು, ಕೂರಲು ತನ್ನ ಸ್ಟೂಲನ್ನೇ ಕೊಟ್ಟಳು, ಚಹಾ ತರಿಸಿದಳು. ಕೈಚೀಲದಲ್ಲಿ ಅವಳಪ್ಪನ ಚೀಟಿಗಳಿದ್ದವು… ತೆಗೆಯಲಿಲ್ಲ. ಎದುರಿನ ಅಂಗಡಿಯಲ್ಲಿ ಎರಡು ಕುಪ್ಪಸದ ಬಟ್ಟೆ ಕೊಂಡು, ಅವಳಿಗೆ ಅಳತೆ ಕೊಟ್ಟು ಬಂದೆ.

ಲಾರಿ ಇನ್ನೂ ದಾರಿ ಬಿಟ್ಟಿಲ್ಲ. ಕುಪ್ಪಸಗಳು ಮುಂದಿನ ತಿಂಗಳು ಸಿಗುತ್ತವಂತೆ. ಆಗ ಹೇಳುತ್ತೇನೆ, ನಕ್ಕಿ.