ತುಮರಿಯ ಬೌಲರ್ ಅಗ್ಗಕ್ಕೆ ಸಿಕ್ಕಿದ್ದು

ಎಂಟು ಸಾವಿರ ರೂಪಾಯಿ. ಅಂದಿನ ಆಟಗಾರರ ಹರಾಜಿನಲ್ಲಿ ಅದಕ್ಕಿಂತ ಕಡಿಮೆಗೆ ಹೋದವನು ಒಬ್ಬ ವಿಕೆಟ್ ಕೀಪರ್ ಮಾತ್ರ, ಅವನ ಕಾಲಿಗೆ ಪ್ಲಾಸ್ಟರ್ ಇತ್ತು. ನಾನು ಕೊಂಡ ಬೌಲರ್‌ಗೆ ಕೈಕಾಲು ನೆಟ್ಟಗಿದ್ದವು. ಹಿಂದಿನ ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದವನೂ ಅವನೇ. ಆದರೂ ಅಗ್ಗ, ಯಾಕೆಂದರೆ ಅವನ ಮನೆ ಹೊಳೆಯಾಚೆಯ ತುಮರಿಯಲ್ಲಿ. ಜನರನ್ನು ದಾಟಿಸುವ ಸಂಜೆಯ ಕೊನೆಯ ಲಾಂಚು ತಪ್ಪಿದರೆ ಈಚೆ ದಡದಲ್ಲೇ ಬೆಳಗು ಮಾಡಬೇಕು. ಹಾಗಾಗಿ ಪಂದ್ಯ ಶುರುವಾದ ಕೂಡಲೇ ತನ್ನ ಎರಡು ಓವರ್ ಎಸೆದು, ಬ್ಯಾಗು ಹೆಗಲಿಗೇರಿಸಿ ಬಸ್ ಹಿಡಿಯುತ್ತಿದ್ದ. ಅರ್ಧ ಪಂದ್ಯದ ಆಟಗಾರನಿಗೆ ಪೂರ್ತಿ ಬೆಲೆ ಯಾರು ಕೊಡುತ್ತಾರೆ?

ನಾನು ಸಾಗರದಲ್ಲಿ ಹಳೇ ಬೈಕು ಮಾರುವವನು, ನಮ್ಮ ತಂಡದ ಮಾಲೀಕರ ಪರವಾಗಿ ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವವನೂ ನಾನೇ. ಬೈಕು ತೊಳೆಯುವ ಕೆಲಸದಿಂದ ಶುರು ಮಾಡಿ ಅಂಗಡಿಯವರೆಗೆ ಬಂದದ್ದು ಒಂದೇ ಸೂತ್ರದಿಂದ: ಮಾಲು ಅಗ್ಗವಾಗಿದ್ದರೆ ಕಾರಣ ಕೇಳು, ಕಾರಣ ತಾನಾಗಿಯೇ ಹೋಗುವಂಥದ್ದಾದರೆ ಬಾಯಿ ಮುಚ್ಚಿಕೊಂಡು ಕೊಂಡುಕೋ. ಹೊಳೆಯ ಮೇಲೆ ಸೇತುವೆ ಆಗಲೇ ಮುಕ್ಕಾಲು ಮುಗಿದಿತ್ತು. ಹರಾಜಿಗೆ ಕುಳಿತವರೆಲ್ಲ ಆ ಸೇತುವೆಯ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದವರೇ. ಲೆಕ್ಕ ಹಾಕಿದವನು ನಾನೊಬ್ಬ.

ನಮ್ಮ ಟೆನಿಸ್ ಬಾಲ್ ಲೀಗಿನಲ್ಲಿ ಪ್ರತಿ ಮಾಲೀಕರಿಗೂ ಎರಡು ತಂಡ. ದೊಡ್ಡ ತಂಡ ಸಾಗರದಲ್ಲಿ ಲೈಟಿನ ಕೆಳಗೆ, ಡ್ರೋನಿನ ಕೆಳಗೆ ಆಡುತ್ತದೆ. ಮರಿ ತಂಡ ಹೊಸನಗರ, ತೀರ್ಥಹಳ್ಳಿ ಎಂದು ತಿರುಗುತ್ತ, ದನ ಅಟ್ಟಿದ ಮೇಲೆ ಖಾಲಿಯಾಗುವ ಮೈದಾನಗಳಲ್ಲಿ ಆಡುತ್ತದೆ. ಪಂದ್ಯ ಒಂಬತ್ತಕ್ಕೆ ಎಂದು ಬ್ಯಾನರ್‌ನಲ್ಲಿರುತ್ತದೆ. ಉದ್ಘಾಟಕರು ಊಟದ ಹೊತ್ತಿಗೆ ಬಂದು, ಬ್ಯಾಟು ಹಿಡಿದು ಫೋಟೋ ತೆಗೆಸಿಕೊಂಡು, ಆ ಫೋಟೋ ಸರಿ ಬಾರದೆ ಇನ್ನೊಮ್ಮೆ ತೆಗೆಸಿಕೊಳ್ಳುತ್ತಾರೆ. ನೋಡುವವರು ನನ್ನಂಥ ನಾಲ್ಕು ಜನ. ದೊಡ್ಡ ತಂಡವನ್ನು ನೋಡುವುದು ಷೋರೂಮಿನ ಗಾಜಿನೊಳಗಿನ ಬೈಕು ನೋಡಿದ ಹಾಗೆ, ಬೆಲೆ ಆಗಲೇ ಅಂಟಿಸಿಯಾಗಿರುತ್ತದೆ. ಮರಿ ತಂಡದಲ್ಲಿ ಚೌಕಾಸಿಗೆ ಜಾಗ ಉಂಟು.

ಸೀಸನ್ನಿನ ಕೊನೆಗೆ ಮರಿ ತಂಡದಿಂದ ಒಬ್ಬನನ್ನು ಮೇಲೆ ಒಯ್ಯುತ್ತಾರೆ. ನಮ್ಮ ಮಾಲೀಕರು ಹಾರ್ಡ್‌ವೇರ್ ಅಂಗಡಿಯವರು. ಅವರ ಆಯ್ಕೆ ಸಮಿತಿಯಲ್ಲಿ ಇರುವುದು ಅವರು, ಅವರ ಭಾವಮೈದ, ಮತ್ತು ಟಿವಿ ನೋಡಿ ಪರಿಣತರಾದ ಒಬ್ಬ ನಿವೃತ್ತ ಲೆಕ್ಚರರ್. ಮೇಲೆ ಹೋದವನಿಗೆ ಕರಾವಳಿಯ ಟೂರ್ನಿಗಳಿಂದಲೂ ಕರೆ ಬರುತ್ತದೆ. ನನ್ನ ಬೌಲರ್‌ಗೆ ಅದು ಜೀವನದ ಪ್ರಶ್ನೆ. ಈ ಸಲ ಮೇಲೆ ಹೋಗದಿದ್ದರೆ ಆಟ ಬಿಟ್ಟು ಘಟ್ಟದ ಕೆಳಗಿನ ಮಾವನ ಬೇಕರಿಗೆ ಸೇರಬೇಕೆಂದು ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು.

ಸೇತುವೆ ತೆರೆಯಿತು. ಇನ್ನು ತುಮರಿಯ ಜಾಗಕ್ಕೂ ರೇಟು, ಬೌಲರ್‌ಗೂ ರೇಟು ಎಂದು ಮಾಲೀಕರಿಗೆ ಹೇಳಿ ಬಂದೆ.

ಹೊಸನಗರದ ಮೊದಲ ಪಂದ್ಯಕ್ಕೆ ಹುಡುಗ ನಿಧಾನವಾಗಿ ಬಂದ. ಟೀ ಕುಡಿದ. ಎದುರಾಳಿಗಳ ಕುಶಲ ವಿಚಾರಿಸಿದ. ಮೊದಲೆಲ್ಲ ಲಾಂಚಿನ ಹಗ್ಗ ಬಿಚ್ಚುವುದನ್ನು ಕಂಡವನ ಹಾಗೆ ಓಡಿ ಬಂದು ಚೆಂಡು ಎಸೆಯುತ್ತಿದ್ದವನು, ಈಗ ನೆಂಟರ ಮನೆಯ ಅಂಗಳ ದಾಟಿದ ಹಾಗೆ ಬಂದು ಎಸೆದ. ಚೆಂಡು ಮೈದಾನದಾಚೆ ಹೋಯಿತು. ಅದರ ಮುಂದಿನದೂ. ಎರಡನೇ ಪಂದ್ಯವೂ ಹೀಗೆಯೇ ಕಳೆಯಿತು.

ದೃಷ್ಟಿಯಾಗಿದೆ ಎಂದರು ಭಾವಮೈದ. ಭುಜದ ಕೋನ ತಪ್ಪಿದೆ ಎಂದರು ಮೊಬೈಲಿನಲ್ಲಿ ವಿಡಿಯೋ ನೋಡಿದ ಲೆಕ್ಚರರ್. ನಾನು ಹೊಸ ಶೂ ಕೊಡಿಸಿದೆ, ದಂಡವಾಯಿತು. ಕೊನೆಗೆ ಅವನನ್ನು ಕೂರಿಸಿಕೊಂಡು ಕೇಳಿದೆ, ಎಂತ ಆಗಿದೆ ನಿನಗೆ ಎಂದು.

"ಎಂತದೂ ಇಲ್ಲ ಅಣ್ಣ, ಆರಾಮಿದೀನಿ," ಎಂದ. ಹೊಸ ಶೂವಿನ ದಾರ ಬಿಚ್ಚುತ್ತ, "ಮೊದ್ಲು ಲಾಂಚ್ ಬಿಟ್ಬಿಡ್ತಾರೆ ಅಂತ ಎದೆ ಹೊಡ್ಕಳ್ತಿತ್ತು. ಈಗ ಯಾವಾಗ ಹೋದ್ರೂ ಆಗ್ತದಲ್ಲ," ಎಂದ.

ನಾನು ಅಗ್ಗಕ್ಕೆ ಕೊಂಡದ್ದು ಅವನ ವೇಗವನ್ನು. ಆ ವೇಗ ಅವನದಾಗಿರಲಿಲ್ಲ, ಲಾಂಚಿನದಾಗಿತ್ತು.

ಉಳಿದದ್ದು ತೀರ್ಥಹಳ್ಳಿಯ ಒಂದೇ ಪಂದ್ಯ, ಸಮಿತಿಯವರು ಖುದ್ದು ಬರುವಂಥದ್ದು. ಬೆಳಿಗ್ಗೆ ಅವನನ್ನು ನನ್ನ ಹಳೇ ಬೈಕಿನಲ್ಲೇ ಕರೆದೊಯ್ದೆ. ಶುರುವಾಗುವ ಮುನ್ನ ಹೇಳಿದೆ: "ನಿನ್ನ ಎರಡು ಓವರ್ ಮುಗಿದ ಕೂಡ್ಲೇ ನಾನು ಹೊರಡೋನು. ಗಿರಾಕಿ ಕಾಯ್ತಾ ಇದಾನೆ. ನೀನು ಹಿಂದೆ ಇದ್ರೆ ಸರಿ, ಇಲ್ದಿದ್ರೆ ಬಸ್ಸಿಗೆ ಬಾ."

ಅವನು ನಕ್ಕ. ಮೊದಲ ಓವರ್‌ನ ಎರಡನೇ ಚೆಂಡೂ ಆಚೆ ಹೋದಾಗ ನಾನು ಬೌಂಡರಿಯ ಪಕ್ಕಕ್ಕೆ ಬೈಕು ತಂದು ಕಿಕ್ ಹೊಡೆದು ಸ್ಟಾರ್ಟ್ ಮಾಡಿದೆ. ಸೈಲೆನ್ಸರ್ ಒಡೆದ ಗಾಡಿ, ಕಾಮೆಂಟ್ರಿಯವನ ಮೈಕು ಸೋತಿತು. ಹುಡುಗ ತಿರುಗಿ ನೋಡಿದ. ಗಿರಾಕಿ ವಿಷಯದಲ್ಲಿ ನಾನು ತಮಾಷೆ ಮಾಡುವವನಲ್ಲ ಎಂದು ಅವನಿಗೆ ಗೊತ್ತು. ಮುಂದಿನ ಚೆಂಡಿಗೆ ಓಡಿ ಬಂದ ನೋಡಿ, ಹಳೇ ಓಟ. ಬ್ಯಾಟು ಎತ್ತುವುದರೊಳಗೆ ಸ್ಟಂಪು ಬಿದ್ದಿತ್ತು. ಎರಡನೇ ಓವರ್ ಮುಗಿಯುವಾಗ ಎದುರಾಳಿಯ ನಾಲ್ಕು ಜನ ಪೆವಿಲಿಯನ್ ಎಂಬ ಶಾಮಿಯಾನದಲ್ಲಿದ್ದರು. ಅವನು ಕ್ಯಾಪ್ಟನ್‌ಗೆ ಕೈ ಮಾಡಿ, ನೇರ ಓಡಿ ಬಂದು ನನ್ನ ಹಿಂದೆ ಹತ್ತಿದ.

ಹೊಸನಗರದಲ್ಲಿ ಟೀಗೆ ನಿಂತಾಗ ಮಾಲೀಕರ ಫೋನು. ಪಂದ್ಯಶ್ರೇಷ್ಠನ ಕಪ್ಪು ಹಿಡಿದುಕೊಂಡು ಅತಿಥಿಗಳು ನಿಂತೇ ಇದ್ದಾರೆ, ಎಲ್ಲಿ ಹಾಳಾಗಿ ಹೋದಿರಿ ಎಂದು ಬೈದರು. ನಾನು ಆದದ್ದನ್ನೆಲ್ಲ ಹೇಳಿದೆ. ಫೋನಿನಲ್ಲಿ ಗುಸುಗುಸು ಕೇಳಿಸಿತು. ಆಚೆ ಸಮಿತಿ ಸೇರಿರಬೇಕು.

"ಹುಡ್ಗನ್ನ ಮೇಲೆ ತಗೊಂಡಿದೀವಿ," ಎಂದರು. "ಆದ್ರೆ ಪ್ರತಿ ಮ್ಯಾಚಿಗೂ ನೀವು ಗಾಡಿ ತಗೊಂಡ್ ಬರ್ಬೇಕು. ಪೆಟ್ರೋಲು ನಿಮ್ದೇ."

ಚೌಕಾಸಿಗೆ ಬಾಯಿ ತೆರೆದೆ. ಎದುರಿಗೆ ಹುಡುಗ ಟೀ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಟೀ ತಣ್ಣಗಾಗಿತ್ತು, ಕುಡಿದಿರಲಿಲ್ಲ. ಆಗಲಿ ಎಂದುಬಿಟ್ಟೆ. ಜೀವಮಾನದಲ್ಲಿ ಮೊದಲ ಕರಾರಿಗೇ ಒಪ್ಪಿದ್ದು ಅದೊಂದೇ ಸಲ.

ಈಗ ಸಾಗರದ ಲೈಟಿನ ಪಂದ್ಯಗಳಲ್ಲಿ ಬೌಂಡರಿ ಪಕ್ಕ ಹೊಗೆ ಉಗುಳುವ ಬೈಕು ಕಂಡರೆ ಅದು ನಾನೇ. ಲಾಂಚು ನಿಂತಿತು, ಅದರ ಕೆಲಸ ನನಗೆ ಬಂತು.

ಆದ್ದರಿಂದ ಓದುಗರಿಗೆ ಹೇಳುವುದಿಷ್ಟು. ಬೈಕಾಗಲಿ, ಎತ್ತಾಗಲಿ, ಬೌಲರ್ ಆಗಲಿ, ಅಗ್ಗವಾಗಿದ್ದರೆ ಕಾರಣ ಕೇಳಿ. ಕಾರಣ ಹೋಗುವಂಥದ್ದಾದರೆ ಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಆ ಕಾರಣ ಹೋಗುವಾಗ ಜೊತೆಗೆ ಇನ್ನೇನು ಎದ್ದು ಹೋಗುತ್ತದೆ ಎಂದು ಮಾರುವವನನ್ನು ಕೇಳಬೇಡಿ, ಅವನಿಗೂ ಗೊತ್ತಿರುವುದಿಲ್ಲ. ಆಟಗಾರನನ್ನೇ ಕೇಳಿ, ಮನೆಗೆ ಹೇಗೆ ಹೋಗುತ್ತೀಯಾ ಎಂದು. ಮತ್ತೆ, ಸೈಲೆನ್ಸರ್ ಒಡೆದ ಹಳೇ ಗಾಡಿ ಇದ್ದರೆ ಗುಜರಿಗೆ ಹಾಕಬೇಡಿ.